ಪಂಪ್ ಮಸಿಕುಡಿಕೆ ಕೈಕೊಟ್ಟಾಗ: ಹಳೇ ಪಿಂಗಾಣಿ ದೌತಿಯ ದೋಷ ಹುಡುಕುವ ಬಗೆ

ಗುಂಡಿ ತಿರುಗಿಸಿದರೆ ಶಾಯಿ ಬಟ್ಟಲಿಗೆ ಏರಬೇಕು, ವಾಪಸ್ ತಿರುಗಿಸಿದರೆ ಇಳಿಯಬೇಕು. ಪಂಪ್ ಮಸಿಕುಡಿಕೆಯ ಕೆಲಸ ಇಷ್ಟೇ. ಇಷ್ಟನ್ನೂ ಮಾಡದೆ ಸುಮ್ನೆ ಮೇಜಿನ ಮೇಲೆ ಕೂತಿದ್ದರೆ, ಅಥವಾ ರಾತ್ರಿಯೆಲ್ಲ ಮೆಲ್ಲಗೆ ಶಾಯಿ ಕಕ್ಕಿ ಬೆಳಗಾಗುವಷ್ಟರಲ್ಲಿ ಮೇಜುಬಟ್ಟೆ ಹಾಳು ಮಾಡಿದ್ದರೆ, ಈ ಬರಹ ನಿಮಗೆ.

ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಬೇಡಿ. ನಿಮ್ಮ ಕೈಯಲ್ಲಿರುವುದು ಯಾವ ಜಾತಿಯದು ಅಂತ ಗೊತ್ತಾಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಈ ಹಳೇ ದೌತಿಗಳು ಹೊರಗಿನಿಂದ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಒಳಗೆ ಮಾತ್ರ ಒಂದೊಂದೂ ಬೇರೆ. ಒಂದರಲ್ಲಿ ರೋಗದ ಲಕ್ಷಣ ಅನ್ನಿಸುವುದು ಇನ್ನೊಂದರಲ್ಲಿ ಸಹಜ ನಡವಳಿಕೆ. ಇದು ಗೊತ್ತಿಲ್ಲದೆ ನಾನು ಎರಡು ವಾರಾಂತ್ಯ ಇಲ್ಲದ ಬಿರುಕನ್ನು ಹುಡುಕುತ್ತಾ ಕೂತಿದ್ದೆ.

ನನ್ನ ಹತ್ತಿರ ಮೂರು ಇವೆ. ಮೂರೂ ಫ್ರಾನ್ಸಿನ ಉತ್ತರ ತುದಿಯ ಲೀಲ್ ಊರಿನಲ್ಲಿ ಕೆಲಸಕ್ಕಿದ್ದಾಗ ಕೊಂಡವು. ಅಲ್ಲಿ ಸೆಪ್ಟೆಂಬರ್ ಮೊದಲ ವಾರಾಂತ್ಯಕ್ಕೆ ಬ್ರಾದ್ರಿ ಅಂತ ಒಂದು ದೊಡ್ಡ ಸಂತೆ ನಡೆಯುತ್ತದೆ. ಬೀದಿ ಬೀದಿಯಲ್ಲಿ ಹಳೇ ಸಾಮಾನು ಹರಡಿರುತ್ತಾರೆ, ಹೋಟೆಲುಗಳ ಮುಂದೆ ತಿಂದು ಬಿಟ್ಟ ಕಪ್ಪೆಚಿಪ್ಪುಗಳ ರಾಶಿ ಬೆಳೆಯುತ್ತಿರುತ್ತದೆ. ಆ ಗಲಾಟೆಯಲ್ಲಿ ಬಿಳಿ ಪಿಂಗಾಣಿಯ, ಚಿನ್ನದ ಗೆರೆ ಎಳೆದ, ಕುಳ್ಳ ಡ್ರಮ್ಮಿನಂಥ ಒಂದು ವಸ್ತು ಕಂಡಿತು. ಪಕ್ಕದಲ್ಲಿ ಪುಟ್ಟ ಬಟ್ಟಲು, ತಲೆಯ ಮೇಲೊಂದು ಗುಂಡಿ. ಮಾರುವವಳು ಗುಂಡಿ ತಿರುಗಿಸಿ ತೋರಿಸಿದಳು. ತಿರುಗಿತು. ನನಗೆ ಅಷ್ಟೇ ಸಾಕಾಯಿತು, ದುಡ್ಡು ಕೊಟ್ಟುಬಿಟ್ಟೆ. ಗುಂಡಿ ತಿರುಗುವುದಕ್ಕೂ ಪಂಪ್ ಕೆಲಸ ಮಾಡುವುದಕ್ಕೂ ಸಂಬಂಧವೇ ಇಲ್ಲ ಅಂತ ಆಮೇಲೆ ತಿಳಿಯಿತು.

ಇಷ್ಟೆಲ್ಲ ಯಂತ್ರ ಯಾಕೆ ಬೇಕಿತ್ತು?

ಇದು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. 19ನೇ ಶತಮಾನದಲ್ಲಿ ಯುರೋಪಿನ ಜನ ಬರೆಯುತ್ತಿದ್ದ ಶಾಯಿ ಹೆಚ್ಚಿನಂಶ ಕಬ್ಬಿಣದ ಶಾಯಿ. ಓಕ್ ಮರದ ಮಾಚಿಕಾಯಿ, ಅನ್ನಭೇದಿ, ಗೋಂದು, ನೀರು. ಹೌದು, ನಮ್ಮಲ್ಲಿ ಮಗುವಿಗೆ ಬಜೆ ಜೊತೆ ತೇಯ್ದು ನೆಕ್ಕಿಸುವ ಅದೇ ಮಾಚಿಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಮಾಚಿಕಾಯಿಯೂ ಸಿಗುತ್ತದೆ, ಅನ್ನಭೇದಿಯೂ ಸಿಗುತ್ತದೆ. ಈ ಶಾಯಿ ಗಾಳಿಗೆ ಒಡ್ಡಿಕೊಂಡರೆ ಕಪ್ಪಾಗಿ ಗಸಿ ಕಟ್ಟುತ್ತದೆ. ಕಾಗದದ ಮೇಲೆ ಆಗಬೇಕಾದದ್ದೇ ಅದು, ಆದರೆ ಕುಡಿಕೆಯೊಳಗೇ ಆದರೆ ಶಾಯಿ ದಂಡ. ಅದರ ಮೇಲೆ ಧೂಳು, ನೊಣ, ಆವಿಯಾಗಿ ಹೋಗುವ ನೀರು.

ಇನ್ನೊಂದು ತೊಂದರೆಯೂ ಇತ್ತು. 1820–30ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಗಿಲಟ್, ಜೊಸೈಯಾ ಮೇಸನ್ ಮುಂತಾದವರು ಉಕ್ಕಿನ ನಿಬ್ಬುಗಳನ್ನು ಯಂತ್ರದಲ್ಲಿ ಒತ್ತಿ ರಾಶಿ ರಾಶಿ ಮಾರತೊಡಗಿದರು. ಗರಿಯ ಲೇಖನಿಯ ಜಾಗಕ್ಕೆ ಟಾಕು ಬಂತು. ಉಕ್ಕಿನ ಟಾಕನ್ನು ಆಳವಾದ ಕುಡಿಕೆಯಲ್ಲಿ ಅದ್ದಿದರೆ ನಿಬ್ಬಿನ ಬುಡ, ಹಿಡಿ, ಬೆರಳು ಎಲ್ಲಾ ಮಸಿ. ಹುಳಿ ಇರುವ ಆ ಶಾಯಿ ಉಕ್ಕನ್ನು ತಿನ್ನುತ್ತದೆ ಬೇರೆ. ಹಾಗಾಗಿ ಒಂದು ಆಸೆ ಹುಟ್ಟಿತು. ಬರೆಯುವಾಗ ಮಾತ್ರ ಪುಟ್ಟ ಬಟ್ಟಲಲ್ಲಿ ಬೆರಳಿನ ಉಗುರು ಮುಳುಗುವಷ್ಟು ಶಾಯಿ ಬರಬೇಕು, ಎದ್ದು ಹೋದ ಮೇಲೆ ಅದು ಕತ್ತಲ ತೊಟ್ಟಿಗೆ ವಾಪಸ್ ಇಳಿಯಬೇಕು. ಪಿಂಗಾಣಿ ಯಾಕೆಂದರೆ ಅದಕ್ಕೆ ಈ ಹುಳಿ ಏನೂ ಮಾಡುವುದಿಲ್ಲ. ಹಿತ್ತಾಳೆ, ಸೀಸ, ತವರ ಯಾವುದಕ್ಕೂ ಆ ತಾಳಿಕೆ ಇಲ್ಲ. ಅದೂ ಅಲ್ಲದೆ 1768ರಲ್ಲಿ ಲಿಮೋಜ್ ಹತ್ತಿರದ ಸ್ಯಾಂತ್ ಇರಿಯೆಯಲ್ಲಿ ಬಿಳಿ ಜೇಡಿ ಸಿಕ್ಕ ಮೇಲೆ ಫ್ರಾನ್ಸಿನಲ್ಲಿ ಗಟ್ಟಿ ಪಿಂಗಾಣಿಗೆ ಬರ ಇರಲಿಲ್ಲ. ಪ್ಯಾರಿಸ್ಸಿನ ಬೋಕೆ ಎಂಬ ಹೆಸರು ಹೊತ್ತ ಪಂಪ್ ದೌತಿಗಳು ಇವತ್ತಿಗೂ ಅಲ್ಲಿನ ಹಳೇ ಸಾಮಾನಿನ ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತವೆ.

ನಿಮ್ಮದು ಯಾವ ಜಾತಿ?

ನನ್ನ ಅನುಭವದಲ್ಲಿ ಮೂರು. ಹೆಸರು ನಾನೇ ಇಟ್ಟುಕೊಂಡದ್ದು.

ಮೊದಲನೆಯದು ದಿಂಡಿನದು. ತೊಟ್ಟಿಯ ಮೇಲೆ ಒಂದು ದಪ್ಪ ದಿಂಡು ತೂಗುತ್ತಿರುತ್ತದೆ, ಅದೂ ಪಿಂಗಾಣಿಯದೇ. ಗುಂಡಿ ತಿರುಗಿಸಿದರೆ ಸ್ಕ್ರೂ ಇಳಿದು ದಿಂಡು ಶಾಯಿಯಲ್ಲಿ ಮುಳುಗುತ್ತದೆ. ತುಂಬಿದ ಹಂಡೆಗೆ ಚೊಂಬು ಒತ್ತಿದರೆ ನೀರು ಮೇಲೇರುತ್ತದಲ್ಲ, ಅದೇ. ತೊಟ್ಟಿಗೂ ಬಟ್ಟಲಿಗೂ ಕೆಳಗೆ ಒಂದು ಕೊಳವೆ ಇದೆ, ಗಿಂಡಿಗೂ ಅದರ ಮೂತಿಗೂ ಇರುವ ಹಾಗೆ. ತೊಟ್ಟಿಯಲ್ಲಿ ಮಟ್ಟ ಏರಿದರೆ ಬಟ್ಟಲಲ್ಲೂ ಏರುತ್ತದೆ. ಇದರಲ್ಲಿ ವಾಷರ್ ಇಲ್ಲ, ಗಾಳಿ ಬಿಗಿ ಇಲ್ಲ, ದಿಂಡಿಗೂ ಗೋಡೆಗೂ ನಡುವೆ ಸಂದು ಇರುತ್ತದೆ ಮತ್ತು ಇರಬೇಕು. ಎಷ್ಟೋ ಜನ ಆ ಸಂದನ್ನು ನೋಡಿ ವಾಷರ್ ಕಳೆದುಹೋಗಿದೆ ಅಂದುಕೊಂಡು ರಬ್ಬರ್ ತುರುಕುತ್ತಾರೆ. ದಯವಿಟ್ಟು ಬೇಡ.

ಎರಡನೆಯದು ಪಿಸ್ಟನ್ನಿನದು. ಇಲ್ಲಿ ಒಳಗಿನ ತಟ್ಟೆ ಗೋಡೆಗೆ ಬಿಗಿಯಾಗಿ ಕೂತಿರುತ್ತದೆ, ಅಂಚಿಗೆ ಚರ್ಮ ಅಥವಾ ಬಿರಡೆ. ಅದು ಕೆಳಗಿನ ಗಾಳಿಯನ್ನೋ ಶಾಯಿಯನ್ನೋ ಒತ್ತಿ ಕೊಳವೆಯೊಳಗೆ ತಳ್ಳುತ್ತದೆ. ಪಂಪ್ ಸ್ಟೌ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದರಲ್ಲಿ ತಿರುಗುವ ಭಾಗವೇ ಇಲ್ಲ. ಫ್ರೆಂಚರು ಸಿಫೊಯೀದ್ ಅನ್ನುವುದು ಇದಕ್ಕೆ. ಎಲ್ಲಾ ಕಡೆ ಮುಚ್ಚಿದ ತೊಟ್ಟಿ, ತಳದಲ್ಲಿ ಮಾತ್ರ ಬಟ್ಟಲಿನ ಕಡೆಗೆ ಬಾಯಿ. ಕೋಳಿಮರಿಗಳಿಗೆ ಬಾಟಲಿ ಬೋರಲು ಹಾಕಿ ನೀರಿಡುವ ತಟ್ಟೆ ಇದೆಯಲ್ಲ, ಅದೇ ತತ್ವ. ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕೂದಲೆಳೆ ಕಡಿಮೆ ಇರುವುದರಿಂದ ಶಾಯಿ ಹೊರಗೆ ಸುರಿಯದೆ ನಿಂತಿರುತ್ತದೆ. ಬಟ್ಟಲು ಬರಿದಾದಂತೆ ಒಂದು ಗುಳ್ಳೆ ಒಳಗೆ ಹೋಗಿ ಅಷ್ಟು ಶಾಯಿ ಹೊರಗೆ ಬರುತ್ತದೆ.

ಪತ್ತೆ ಹೇಗೆ? ಖಾಲಿ ದೌತಿಯನ್ನು ಕಿವಿ ಹತ್ತಿರ ಹಿಡಿದು ಗುಂಡಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಬಟ್ಟಲಿನ ತಳದ ತೂತಿಗೆ ಒದ್ದೆ ಬೆರಳು ಇಟ್ಟುಕೊಂಡಿರಿ. ಬೆರಳಿಗೆ ಗಾಳಿ ತಾಗಿದರೆ ಅಥವಾ ವಾಪಸ್ ತಿರುಗಿಸುವಾಗ ಬೆರಳಿನ ಚರ್ಮ ಸಣ್ಣಗೆ ಎಳೆದಂತಾದರೆ ಅದು ಪಿಸ್ಟನ್ನಿನದು. ಏನೂ ಆಗದಿದ್ದರೆ ದಿಂಡಿನದು, ಇಲ್ಲವೇ ವಾಷರ್ ಸತ್ತ ಪಿಸ್ಟನ್ನಿನದು. ಆಗ ಟಾರ್ಚು ಹಾಕಿ ಇಣುಕಿ. ಮುಚ್ಚಳ ಸಲೀಸಾಗಿ ಎತ್ತಿ ಬಂದರೆ, ನೇತಾಡುತ್ತಿರುವುದು ದಪ್ಪ ಪಿಂಗಾಣಿ ಉಂಡೆಯೋ ತೆಳು ತಟ್ಟೆಯೋ ಅಂತ ನೋಡಿದರೆ ಮುಗಿಯಿತು.

ನಾಲ್ಕನೇ ಜಾತಿಯೂ ಒಂದಿದೆ, ಇಂಗ್ಲೆಂಡಿನ ಐಸೋಬಾತ್. ಅದರಲ್ಲಿ ಅರ್ಧಗೋಳದಂಥ ತೇಲು ತನ್ನಷ್ಟಕ್ಕೆ ವಾಲಿಕೊಂಡು ಶಾಯಿ ಮಟ್ಟವನ್ನು ಒಂದೇ ಸಮ ಇಡುತ್ತದೆ. ನೋಡೋಕೆ ಬಲು ಚೆಂದ. ಆದರೆ ಡೌಲ್ಟನ್ ಕಂಪನಿ ಡಿ ಲಾ ರೂ ಎಂಬ ಇನ್ನೊಂದು ಕಂಪನಿಗಾಗಿ ಮಾಡಿಕೊಟ್ಟವು ಕಲ್ಲುಮಣ್ಣಿನವು (ಸ್ಟೋನ್‌ವೇರ್), ಪಿಂಗಾಣಿಯವಲ್ಲ. ಇಲ್ಲಿಗೆ ಬಿಡೋಣ.

ಪರೀಕ್ಷೆ ನೀರಿನಲ್ಲಿ, ಶಾಯಿಯಲ್ಲಿ ಅಲ್ಲ

ಮೆಡಿಕಲ್ ಶಾಪಿನಿಂದ 10 ಮಿಲಿಯ ಒಂದು ಸಿರಿಂಜು ತನ್ನಿ, ಸೂಜಿ ಬೇಡ. ಉಗುರು ಬೆಚ್ಚಗಿನ ನೀರು, ಒಂದು ತಟ್ಟೆ, ಟಿಶ್ಯೂ ಕಾಗದ. ಬಿಸಿನೀರು ಬೇಡವೇ ಬೇಡ. ಹಳೇ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಆ ಬಿಸಿಗೆ ಅದು ಉದ್ದವಾಗುತ್ತದೆ.

ನೀರು ಹಾಕುವ ಮೊದಲು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಮಾಡುವುದಿಲ್ಲವೇ, ಹಾಗೆ. ಠಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಎಲ್ಲೋ ಬಿರುಕಿದೆ ಅಥವಾ ಯಾರೋ ಹಿಂದೆ ಅಂಟಿಸಿದ್ದಾರೆ. ಆದರೆ ಕುತ್ತಿಗೆಗೆ ಲೋಹದ ಪಟ್ಟಿ ಇದ್ದರೆ ಇದನ್ನು ನಂಬಬೇಡಿ, ಪಟ್ಟಿಯೇ ಸದ್ದನ್ನು ನುಂಗುತ್ತದೆ. ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚು ಇದ್ದರೆ ಕತ್ತಲಲ್ಲಿ ಹಾಯಿಸಿ. ಹೊಸ ಅಂಟು, ಹೊಸ ಬಣ್ಣ ಪಿಂಗಾಣಿಯ ಮೆರುಗಿಗಿಂತ ಬೇರೆ ಥರ ಹೊಳೆಯುತ್ತದೆ. ನನ್ನ ಎರಡನೇ ದೌತಿಯ ಬಟ್ಟಲು ಒಮ್ಮೆ ಮುರಿದು ಅಂಟಿಸಿದ್ದು ಅಂತ ಗೊತ್ತಾದದ್ದು ಹೀಗೇ. ಹಗಲಲ್ಲಿ ನೂರು ಸಲ ನೋಡಿದ್ದೆ, ಕಂಡಿರಲಿಲ್ಲ.

ಆಮೇಲೆ ನೀರು ತುಂಬಿ, ಟಿಶ್ಯೂ ಮೇಲೆ ಒಂದು ಇಡೀ ದಿನ ಇಡಿ. ಗುಂಡಿ ಮೇಲಕ್ಕೇ ಇರಲಿ. ಟಿಶ್ಯೂ ಒಣಗಿದ್ದರೆ ತೊಟ್ಟಿ ಗಟ್ಟಿ. ತಳದ ಮೆರುಗಿಲ್ಲದ ಉಂಗುರ ಮಾತ್ರ ತೇವ ಹೀರಿ ಕಪ್ಪಾಗಿದ್ದರೆ ಒಂದೋ ಅದು ಪಿಂಗಾಣಿಯೇ ಅಲ್ಲ, ಬಿಳಿ ಮೆರುಗು ಕೊಟ್ಟ ಮಣ್ಣು, ಇಲ್ಲವೇ ತಳದಲ್ಲಿ ಬಿರುಕು. ಚೆನ್ನಾಗಿ ಬೆಂದ ಗಟ್ಟಿ ಪಿಂಗಾಣಿ ಮೆರುಗಿಲ್ಲದ ಕಡೆಯೂ ನೀರು ಕುಡಿಯುವುದಿಲ್ಲ.

ಗುಂಡಿ ತಿರುಗುತ್ತದೆ, ಶಾಯಿ ಏರುವುದಿಲ್ಲ

ಅತಿ ಹೆಚ್ಚು ಕಾಣುವ ದೂರು ಇದೇ. ದಿಂಡಿನ ಜಾತಿಯಲ್ಲಿ ಮೊದಲ ಅನುಮಾನ ಪಡಬೇಕಾದದ್ದು ಯಂತ್ರದ ಮೇಲಲ್ಲ, ನಿಮ್ಮ ಮೇಲೆ. ಸಾಕಷ್ಟು ಹಾಕಿಲ್ಲ. ಲೆಕ್ಕ ನೋಡಿ. ನನ್ನ ದಿಂಡಿನ ಅಡ್ಡಳತೆ 30 ಮಿ.ಮೀ. ಅದು 1 ಮಿ.ಮೀ. ಮುಳುಗಿದರೆ ಪಕ್ಕಕ್ಕೆ ಸರಿಯುವ ಶಾಯಿ ಸುಮಾರು 0.7 ಮಿಲಿ. 5 ಮಿ.ಮೀ. ಮುಳುಗಿದರೆ 3.5 ಮಿಲಿ. ಸುತ್ತಲಿನ ಸಂದು ತುಂಬಿ, ಬಟ್ಟಲಲ್ಲಿ ನಿಬ್ಬು ಅದ್ದುವಷ್ಟು ಬರಲು ಇದು ಸಾಕು. ಆದರೆ ಶಾಯಿಯ ಮೇಲ್ಮೈ ದಿಂಡಿನ ತಳಕ್ಕಿಂತ 10 ಮಿ.ಮೀ. ಕೆಳಗಿದ್ದರೆ? ಮೊದಲ 10 ಮಿ.ಮೀ. ದಿಂಡು ಬರೀ ಗಾಳಿಯಲ್ಲಿ ಇಳಿಯುತ್ತದೆ. ನೀವು ತಿರುಗಿಸುತ್ತಲೇ ಇರುತ್ತೀರಿ, ಏನೂ ಆಗುವುದಿಲ್ಲ, ಅಷ್ಟರಲ್ಲಿ ಸ್ಕ್ರೂ ಮುಗಿದುಹೋಗುತ್ತದೆ. ಗುಂಡಿ ಪೂರ್ತಿ ಮೇಲಿದ್ದಾಗ ಶಾಯಿ ದಿಂಡಿನ ತಳಕ್ಕೆ ಮುತ್ತಿಡುವಷ್ಟು ಇರಬೇಕು. ಇದೇ ಸರಿಯಾದ ಮಟ್ಟ.

ಅಷ್ಟು ಹಾಕಿಯೂ ಏರದಿದ್ದರೆ ಕೊಳವೆ ಕಟ್ಟಿಕೊಂಡಿದೆ. ಸಿರಿಂಜಿನ ಮೂತಿಯನ್ನು ಬಟ್ಟಲಿನ ತೂತಿಗೆ ಇಟ್ಟು ಮೆಲ್ಲಗೆ ನೀರು ಒತ್ತಿ. ಸಲೀಸಾಗಿ ಹೋದರೆ ಕೊಳವೆ ಸ್ವಚ್ಛ. ಒತ್ತಿದ್ದು ಕೈಗೆ ವಾಪಸ್ ತಳ್ಳಿದರೆ ಗಸಿ ಕೂತಿದೆ. ತಂತಿ ತುರುಕಬೇಡಿ. ಕೊಳವೆ ಎಲ್ಲಿ ತಿರುಗುತ್ತದೆ ಅಂತ ನಿಮಗೆ ಕಾಣುವುದಿಲ್ಲ, ಮೆರುಗು ಕಿತ್ತುಬಂದರೆ ಆ ಜಾಗದಲ್ಲಿ ಮುಂದೆ ಶಾಶ್ವತವಾಗಿ ಗಸಿ ಹಿಡಿಯುತ್ತದೆ.

ಕೊಳವೆ ಸ್ವಚ್ಛ ಇದ್ದೂ ಏರದಿದ್ದರೆ ಗಾಳಿಗುಳ್ಳೆ. ಬಟ್ಟಲಿನ ಕಡೆಯಿಂದ ತುಂಬಿಸಿದವರಿಗೆ ಇದು ಜಾಸ್ತಿ. ದೌತಿಯನ್ನು ಬಟ್ಟಲಿನ ಕಡೆಗೆ ಸ್ವಲ್ಪ ವಾಲಿಸಿ ಎರಡು ಸಲ ತಟ್ಟಿದರೆ ಬುಳಕ್ ಅಂತ ಬಂದುಬಿಡುತ್ತದೆ.

ಇದ್ಯಾವುದೂ ಅಲ್ಲವಾದರೆ ದಿಂಡನ್ನೇ ಅಳೆಯಿರಿ. ಸಂತೆಯಲ್ಲಿ ಮಾರುವವರು ಎರಡು ಮುರಿದ ದೌತಿ ಸೇರಿಸಿ ಒಂದು ಮಾಡುವುದು ಹೊಸದೇನಲ್ಲ. ತೊಟ್ಟಿಗಿಂತ ತೀರಾ ತೆಳುವಾದ ದಿಂಡು ಕೂರಿಸಿದ್ದರೆ ಅದು ಎಷ್ಟು ಮುಳುಗಿದರೂ ಪಕ್ಕಕ್ಕೆ ಸರಿಯುವ ಶಾಯಿ ಕಡಿಮೆ. ಆಗ ರಿಪೇರಿ ಅನ್ನುವ ಪ್ರಶ್ನೆಯೇ ಇಲ್ಲ, ಮೋಸ ಹೋಗಿದ್ದೀರಿ ಅಷ್ಟೇ.

ಏರುತ್ತದೆ, ಆಮೇಲೆ ಮೆಲ್ಲಗೆ ಇಳಿದುಹೋಗುತ್ತದೆ

ನನ್ನ ಎರಡು ವಾರಾಂತ್ಯ ತಿಂದದ್ದು ಇದು. ನೀರು ಚೆನ್ನಾಗಿ ಏರುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಬಟ್ಟಲು ಖಾಲಿ. ನಾನು ಬಿರುಕು ಅಂತಲೇ ತೀರ್ಮಾನ ಮಾಡಿದೆ. ತಟ್ಟಿದೆ, ಟಾರ್ಚು ಹಾಕಿದೆ, ತಳಕ್ಕೆ ಟಿಶ್ಯೂ ಇಟ್ಟೆ. ಟಿಶ್ಯೂ ಒಣಗೇ ಇತ್ತು. ಅಲ್ಲಿಗೇ ಹೊಳೆಯಬೇಕಿತ್ತು ನೋಡಿ, ನೀರು ಹೊರಗೆ ಹೋಗಿಲ್ಲ ಅಂದರೆ ಒಳಗೇ ವಾಪಸ್ ಹೋಗಿದೆ ಅಂತ. ಸಿರಿಂಜಿನಿಂದ ಎಳೆದು ಅಳೆದಾಗ ಹಾಕಿದ 25 ಮಿಲಿ ಪೂರ್ತಿ ಸಿಕ್ಕಿತು.

ದಿಂಡಿನ ಜಾತಿಯಲ್ಲಿ ಸೋರಿಕೆ ಇಲ್ಲದೆ ಮಟ್ಟ ಇಳಿಯುವುದಕ್ಕೆ ಎರಡೇ ದಾರಿ. ಒಂದು, ಸ್ಕ್ರೂ ತನ್ನಷ್ಟಕ್ಕೆ ತಿರುಗಿ ದಿಂಡು ಮೇಲೆದ್ದಿರಬೇಕು. ಥ್ರೆಡ್ ಸವೆದಿದ್ದರೆ ಮಾತ್ರ ಆಗುವಂಥದ್ದು, ಅಪರೂಪ. ಇನ್ನೊಂದು ಮುಚ್ಚಳದ ಗಾಳಿತೂತು, ಅದನ್ನು ಮುಂದೆ ಹೇಳುತ್ತೇನೆ. ಪಿಸ್ಟನ್ನಿನ ಜಾತಿಯಲ್ಲಾದರೆ ವಾಷರ್ ಗಾಳಿ ಬಿಡುತ್ತಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಶಾಯಿಯನ್ನು 3 ಸೆ.ಮೀ. ಮೇಲೆತ್ತಿ ಹಿಡಿಯಲು ಬೇಕಾದ ಒತ್ತಡ ವಾತಾವರಣದ ಒತ್ತಡದ 0.3% ಅಷ್ಟೇ. ಊದಿದರೆ ಸಾಕು ಅನ್ನುವಷ್ಟು ಕಡಿಮೆ. ಅದಕ್ಕೇ ಕೂದಲಿನಷ್ಟು ಸಂದಿದ್ದರೂ ಅದು ಹತ್ತು ಇಪ್ಪತ್ತು ನಿಮಿಷದಲ್ಲಿ ಸೋತುಹೋಗುತ್ತದೆ.

ನನ್ನದನ್ನು ಬಿಚ್ಚಿದಾಗ ಕಂಡದ್ದು ಇದು. ತಟ್ಟೆಯ ಸುತ್ತ ಬಟ್ಟಲಿನಾಕಾರದ ಚರ್ಮ, ಇದ್ದಿಲಿನಷ್ಟು ಕಪ್ಪು, ಹಪ್ಪಳದಷ್ಟು ಗರಿಗರಿ. ಒಂದು ಕಡೆ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಪುಡಿ ಉದುರಿತು. ಯಾಕೆ ಅಂದರೆ, ಚರ್ಮ ಹದ ಮಾಡುವುದೇ ಮರದ ತೊಗಟೆಯ ಒಗರಿನಿಂದ. ಶಾಯಿಯಲ್ಲಿರುವುದು ಕಬ್ಬಿಣ. ಮಾಚಿಕಾಯಿಯ ಒಗರಿಗೂ ಕಬ್ಬಿಣಕ್ಕೂ ಸೇರಿ ಶಾಯಿ ಹೇಗೆ ಕಪ್ಪಾಗುತ್ತದೋ ಹಾಗೆಯೇ ಈ ಚರ್ಮವೂ ಕಪ್ಪಾಗಿತ್ತು. ವಾಷರ್ರೇ ಅರ್ಧ ಶಾಯಿಯಾಗಿ ಹೋಗಿತ್ತು ಅನ್ನಿ.

ಚರ್ಮ ಇನ್ನೂ ಗಟ್ಟಿ ಇದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅಗಲಿಸಿ, ಅರ್ಧ ಒಣಗಿದ ಮೇಲೆ ಜೇನುಮೇಣಕ್ಕೆ ಒಂದೆರಡು ಹನಿ ಹರಳೆಣ್ಣೆ ಬೆರೆಸಿ ತೆಳ್ಳಗೆ ತಿಕ್ಕಿ. ಸ್ಟೌ ವಾಷರ್‌ಗೆ ಅಜ್ಜಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು ಅಂತ ಇಲ್ಲೂ ಬಿಡಬೇಡಿ. ಹೆಚ್ಚಾದ ಎಣ್ಣೆ ಶಾಯಿಯ ಮೇಲೆ ತೇಲಿ ನಿಬ್ಬಿಗೆ ಹತ್ತಿಕೊಳ್ಳುತ್ತದೆ, ಆಮೇಲೆ ಅಕ್ಷರ ಮೂಡುವುದೇ ಇಲ್ಲ. ನನ್ನದು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮನೆ ಹತ್ತಿರ ಚಪ್ಪಲಿ ಹೊಲಿಯುವವರನ್ನು ಕೇಳಿದೆ. ದೌತಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಸೈಕಲ್ ಪಂಪಿನ ವಾಷರ್ ಥರಾನೇ ಅಲ್ವಾ ಸಾರ್?" ಅಂದರು. ಒಂದೂವರೆ ಮಿ.ಮೀ. ದಪ್ಪದ ಚೂರೊಂದನ್ನು ದುಂಡಗೆ ಕತ್ತರಿಸಿ, ಒದ್ದೆ ಮಾಡಿ, ಮರದ ಹಿಡಿಯೊಂದರ ಮೇಲೆ ದಾರದಲ್ಲಿ ಬಿಗಿದು ಕಟ್ಟಿಕೊಟ್ಟರು. ಎರಡು ದಿನ ಒಣಗಿದ ಮೇಲೆ ಅಚ್ಚು ಬಟ್ಟಲಿನ ಆಕಾರ. ಅಂಚು ಕೆಳಮುಖವಾಗಿ ಕೂರಬೇಕು, ಒತ್ತಿದಾಗ ಗಾಳಿ ಅದನ್ನು ಗೋಡೆಗೆ ಅದುಮುವ ಹಾಗೆ. ಮೊದಲ ಸಲ ನಾನೇ ತಲೆಕೆಳಗೆ ಹಾಕಿದ್ದೆ.

ಒಂದೇ ಸುತ್ತಿಗೆ ಉಕ್ಕಿ ಚೆಲ್ಲುತ್ತದೆ, ಆಮೇಲೆ ತಗ್ಗುತ್ತದೆ

ಇದು ದಿಂಡಿನ ಜಾತಿಯ ವಿಚಿತ್ರ ರೋಗ. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಗಾಳಿತೂತು ಇರುತ್ತದೆ, ಅಥವಾ ಸ್ಕ್ರೂ ಸುತ್ತಲೇ ಸಡಿಲ ಇರುತ್ತದೆ. ಅದು ಒಣಗಿದ ಶಾಯಿಯಿಂದಲೋ, ಹಿಂದಿನ ಯಜಮಾನರು ಪಾಲಿಶ್ ಹಾಕಿದ ಮೇಣದಿಂದಲೋ ಮುಚ್ಚಿಹೋದರೆ, ದಿಂಡು ಇಳಿಯುವಾಗ ಮುಚ್ಚಳದ ಕೆಳಗಿನ ಗಾಳಿಯೂ ಒತ್ತಿಹೋಗುತ್ತದೆ. ಅಂದರೆ ನಿಮ್ಮ ದಿಂಡಿನ ದೌತಿ ತನಗೇ ಗೊತ್ತಿಲ್ಲದೆ ಪಿಸ್ಟನ್ನಿನ ದೌತಿ ಆಗಿಬಿಡುತ್ತದೆ. ಬಟ್ಟಲು ಉಕ್ಕುತ್ತದೆ, ಆಮೇಲೆ ಗಾಳಿ ನಿಧಾನ ನುಸುಳಿ ಹೋದಂತೆ ಮಟ್ಟ ಇಳಿಯುತ್ತದೆ. ಮುಚ್ಚಳ ಸ್ವಲ್ಪ ಎತ್ತಿ ಹಿಡಿದುಕೊಂಡು ಗುಂಡಿ ತಿರುಗಿಸಿ ನೋಡಿ. ಉಕ್ಕುವುದು ನಿಂತರೆ ತೂತು ಹುಡುಕಿ, ಒದ್ದೆ ಹತ್ತಿಕಡ್ಡಿಯಿಂದ ಒರೆಸಿ.

ಯಾರೂ ಮುಟ್ಟದಿದ್ದರೂ ತಾನಾಗಿ ಸುರಿಯುತ್ತದೆ

ಮೂರನೇ ಜಾತಿ. ನನ್ನದು ಲೀಲ್‌ನಲ್ಲಿ ಮೂರು ವರ್ಷ ಒಂದು ಹನಿ ಚೆಲ್ಲದೆ ಕೂತಿತ್ತು. ಬೆಂಗಳೂರಿಗೆ ತಂದ ಮೊದಲ ಏಪ್ರಿಲಿನಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನೀಲಿ ಕೆರೆ. ಬೆಳಗ್ಗೆ 20 ಡಿಗ್ರಿ ಇದ್ದ ಗಾಳಿ ಬಿಸಿಲಿಗೆ 35 ಆದರೆ ಸುಮಾರು 5% ಹಿಗ್ಗುತ್ತದೆ. ತೊಟ್ಟಿಯಲ್ಲಿ 60 ಮಿಲಿ ಗಾಳಿ ಇದ್ದರೆ 3 ಮಿಲಿ ಶಾಯಿಯನ್ನು ಹೊರಗೆ ದಬ್ಬುತ್ತದೆ. ಬಟ್ಟಲು ಹಿಡಿಯುವುದೇ ಅಷ್ಟು. ಇಲ್ಲಿ ತಮಾಷೆ ಏನೆಂದರೆ ತುಂಬಿದ ದೌತಿ ಅಷ್ಟಾಗಿ ಚೆಲ್ಲುವುದಿಲ್ಲ, ಅರ್ಧ ಖಾಲಿಯಾದದ್ದು ಚೆಲ್ಲುತ್ತದೆ. ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ಹಿಗ್ಗುವುದೂ ಜಾಸ್ತಿ. ಆದ್ದರಿಂದ ಬಿಸಿಲಿನಿಂದ ದೂರ ಇಡಿ, ಸದಾ ತುಂಬಿಸಿಡಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಶಾಯಿ ಸಮೇತ ಘಾಟಿ ಹತ್ತಿಸುವ ಸಾಹಸವಂತೂ ಬೇಡ. ಮಂಗಳೂರಿನಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿದಿರುತ್ತದೆ, ನಿಮ್ಮ ಚೀಲದಲ್ಲಿ ಏನೇನಿದೆಯೋ ಎಲ್ಲಾ ನೀಲಿ.

ಬಿಸಿಲು ಕಾರಣ ಅಲ್ಲ, ತುಂಬಿಸಿದ ಕೂಡಲೇ ನಿಲ್ಲದೆ ಸುರಿಯುತ್ತದೆ ಅಂದರೆ ತೊಟ್ಟಿಯ ಮೇಲ್ಭಾಗದಲ್ಲಿ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಇಲ್ಲಿ ಸೋಪಿನ ನೊರೆ ಹಚ್ಚಿ ಗುಳ್ಳೆ ಕಾಯಬೇಡಿ. ಪಂಕ್ಚರ್ ಟ್ಯೂಬಿನ ಹಾಗೆ ಗಾಳಿ ಹೊರಗೆ ಬರುತ್ತಿಲ್ಲ, ಒಳಕ್ಕೆ ಹೋಗುತ್ತಿದೆ. ಅನುಮಾನ ಇರುವ ಗೆರೆಯ ಮೇಲೆ ವ್ಯಾಸಲೀನ್ ಸವರಿ. ಸುರಿಯುವುದು ನಿಂತರೆ ಕಳ್ಳ ಅಲ್ಲೇ. ಸ್ವಲ್ಪ ಜರುಗಿಸಿ ಸವರುತ್ತಾ ಹೋದರೆ ಬಿರುಕಿನ ಉದ್ದ ಎಷ್ಟು ಅಂತಲೂ ಗೊತ್ತಾಗುತ್ತದೆ. ಆ ಬಿರುಕಿಗೆ ತೆಳು ಎಪಾಕ್ಸಿ ಒಳ್ಳೆಯದು, ಆದರೆ ಮೊದಲು ವ್ಯಾಸಲೀನನ್ನು ಸ್ಪಿರಿಟ್‌ನಲ್ಲಿ ಪೂರ್ತಿ ಒರೆಸಬೇಕು. ಕೊಳಾಯಿಗೆ ಮೆತ್ತುವ ದಪ್ಪ ಅಂಟುಹಿಟ್ಟು ಹಾಕಿ ಇಡೀ ದೌತಿಯನ್ನು ಸಿಮೆಂಟು ತೊಟ್ಟಿ ಮಾಡಬೇಡಿ, ನೋಡಿ ನೋಡಿ ಸಾಕಾಗಿದೆ.

ಗುಂಡಿಯೇ ತಿರುಗುವುದಿಲ್ಲ

ಬಲ ಬೇಡ. ಇಕ್ಕಳವಂತೂ ಬೇಡವೇ ಬೇಡ. ಹಿತ್ತಾಳೆ ಸ್ಕ್ರೂ ಇದ್ದರೆ ಕಿಲುಬು ಕಚ್ಚಿರುತ್ತದೆ, ಅದರ ಮೇಲೆ ಒಣಗಿದ ಗೋಂದು. ಗೋಂದು ನೀರಲ್ಲಿ ಕರಗುತ್ತದೆ. ಆದ್ದರಿಂದ ಒದ್ದೆ ಹತ್ತಿಯನ್ನು ಸ್ಕ್ರೂ ಸುತ್ತ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಮೊದಲು ಬಿಗಿಯುವ ಕಡೆಗೆ ಒಂದು ಚೂರು, ಆಮೇಲೆ ಬಿಚ್ಚುವ ಕಡೆಗೆ. ನನ್ನದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಇಡೀ ದೌತಿಯನ್ನು ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಕುತ್ತಿಗೆಯ ಲೋಹದ ಪಟ್ಟಿಯನ್ನು ಎಷ್ಟೋ ಸಲ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೂರಿಸಿರುತ್ತಾರೆ, ನೀರಲ್ಲಿ ನೆನೆದರೆ ಅದು ಮೆತ್ತಗಾಗಿ ಪಟ್ಟಿ ಕೈಗೇ ಬರುತ್ತದೆ. ಬಿಸಿ ಮಾಡುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಹಿತ್ತಾಳೆ ಪಿಂಗಾಣಿಗಿಂತ ಜಾಸ್ತಿ ಹಿಗ್ಗುತ್ತದೆ, ಸೀಳುವುದು ಪಿಂಗಾಣಿಯೇ. ಬಿಚ್ಚಿ ಬಂದ ಹಿತ್ತಾಳೆಗೆ ಹುಣಸೆಹಣ್ಣು ಇದ್ದೇ ಇದೆ, ಬೇರೆ ತಟ್ಟೆಯಲ್ಲಿ ತಿಕ್ಕಿ ತೊಳೆಯಿರಿ.

ಗಸಿ ತೆಗೆಯುವ ಮೊದಲು ಅದು ಯಾವ ಶಾಯಿ ಅಂತ ನೋಡಿ

ಒದ್ದೆ ಹತ್ತಿಕಡ್ಡಿಯನ್ನು ಬಟ್ಟಲಿನ ತಳಕ್ಕೆ ಒತ್ತಿ. ಕಡ್ಡಿ ಕಡು ನೇರಳೆ ಆದರೆ ಅದು ಶಾಲೆ ಶಾಯಿ. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳು ನೇರಳೆ ಶಾಯಿಯಲ್ಲಿ ಟಾಕು ಅದ್ದಿ ಬರೆಯುತ್ತಿದ್ದರು, ಬಾಲ್‌ಪೆನ್ನಿಗೆ ಅಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದ್ದೇ 1965ರಲ್ಲಿ. ಈ ಬಣ್ಣ ನೀರಿಗೂ ಸ್ಪಿರಿಟ್‌ಗೂ ಬಗ್ಗುತ್ತದೆ. ಕಡ್ಡಿಗೆ ಏನೂ ಹತ್ತದೆ ತಳದಲ್ಲಿ ಕಪ್ಪು ಹಕ್ಕಳೆ ಹಾಗೇ ಇದ್ದರೆ ಒಂದು ಹನಿ ನಿಂಬೆರಸ ಬಿಡಿ. ಹತ್ತು ನಿಮಿಷದಲ್ಲಿ ಅಂಚು ತಿಳಿಯಾದರೆ ಅದು ಕಬ್ಬಿಣದ ಶಾಯಿ. ಅದಕ್ಕೆ ವಿಟಮಿನ್ ಸಿ ಪುಡಿಯನ್ನು ನೀರಲ್ಲಿ ಕರಗಿಸಿ ಸಿರಿಂಜಿನಲ್ಲಿ ತುಂಬಿ ಬಿಡುವುದು ನನ್ನ ರೂಢಿ. ಹಠಮಾರಿ ಕಲೆಗೆ ಲೀಟರಿಗೆ 20 ಗ್ರಾಂ ಆಕ್ಸಾಲಿಕ್ ಆಸಿಡ್. ಅದು ವಿಷ. ಕೈಗವಸು ಹಾಕಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅಮೃತಶಿಲೆಯ ಪೀಠ ಇದ್ದರೆ ಅದರ ಮೇಲೆ ಒಂದು ಹನಿಯೂ ಬೀಳಬಾರದು. ನೀರಿಗೂ ನಿಂಬೆರಸಕ್ಕೂ ಬಗ್ಗದೆ ಹೊಳೆಯುವ ಪದರ ಪದರವಾಗಿ ಏಳುತ್ತಿದ್ದರೆ ಯಾರೋ ಅರಗು ಬೆರೆತ ಇಂಡಿಯನ್ ಇಂಕ್ ಹಾಕಿದ್ದಾರೆ. ಅದಕ್ಕೆ ಸ್ಪಿರಿಟ್ ಮತ್ತು ತಾಳ್ಮೆ.

ಚಿನ್ನದ ಗೆರೆಯನ್ನು ಪಾತ್ರೆ ಉಜ್ಜುವ ಪುಡಿಯಿಂದ ಉಜ್ಜಬೇಡಿ. ಅದು ಮೆರುಗಿನ ಮೇಲೆ ಕೂತಿರುವ ತೆಳು ಪದರ, ಒಂದೇ ಸಲಕ್ಕೆ ಹೋಗುತ್ತದೆ. ಮೆರುಗಿನಲ್ಲಿ ಜೇಡರಬಲೆಯಂಥ ಕಪ್ಪು ಗೆರೆಗಳಿದ್ದರೆ ಅವು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಟಿಶ್ಯೂ ಒಣಗಿದೆ ತಾನೇ? ಹಾಗಾದರೆ ಬಿಡಿ.

ಎಲ್ಲಾ ಸರಿಹೋದ ಮೇಲೆ ಏನು ತುಂಬಿಸಬೇಕು ಅಂದರೆ, ಫೌಂಟನ್ ಪೆನ್ನಿಗೆ ಹಾಕುವ ಸಾದಾ ನೀಲಿ ಶಾಯಿ. ನನ್ನ ಪಿಸ್ಟನ್ನಿನ ದೌತಿ ಈಗ ಬೆಳಗ್ಗೆ ಏರಿಸಿದ ಶಾಯಿಯನ್ನು ಸಂಜೆವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಚಪ್ಪಲಿ ಹೊಲಿಯುವವರು ವಾಷರ್‌ಗೆ ತೆಗೆದುಕೊಂಡದ್ದು ಹತ್ತು ರೂಪಾಯಿ.